ಮುಳ್ಳು ಕೂರಿಸುವ ಕೆಲಸ

ಜುರಾ ಬೆಟ್ಟದ ಮಗ್ಗುಲಲ್ಲಿ, ಉತ್ತರದ ಕಿಟಕಿಗೆ ಮುಖಮಾಡಿ
ಹದಿಮೂರರ ನಾನು ಗಡಿಯಾರಕ್ಕೆ ಮುಳ್ಳು ಕೂರಿಸುತ್ತಿದ್ದೆ.
ಗಂಟೆಗೊಂದು, ನಿಮಿಷಕ್ಕೊಂದು.
ಉಸಿರು ಬಿಗಿಹಿಡಿಯಬೇಕು;
ಸೀನಿದರೆ ಅರ್ಧ ದಿನದ ಕೂಲಿ
ಹಲಗೆಯ ಸಂದಿಗೆ.

ಹಲ್ಲುಚಕ್ರ ಕೆಳಕೇರಿಯ ಗ್ರೋಜಾನ್ ಮನೆಯದು,
ಸ್ಪ್ರಿಂಗು ಹೊಳೆಯಾಚೆಯ ವಿಧವೆಯದು,
ಬಿಳಿ ಬಿಲ್ಲೆಯನ್ನು ಬೆಂಕಿಗೆ ಕೊಡುತ್ತಿದ್ದವನು
ಚೀಸು ಕಾಯಿಸುವವರ ಅಟ್ಟದ ಮೇಲಿದ್ದ.
ನಡುವೆ ಮೊಣಕಾಲುದ್ದ ಹಿಮ.
ಇಡೀ ಗಡಿಯಾರ ಯಾರೊಬ್ಬರ ತಲೆಯಲ್ಲೂ ಇರಲಿಲ್ಲ.
ಆದರೂ ಶನಿವಾರ ಸಂಜೆ ಅದು
ಟಿಕ್ ಅನ್ನುತ್ತಿತ್ತು.

'ಯಾರು ಹೇಳಿದ್ದು ಅದಕ್ಕೆ?' ಎಂದು ಕೇಳಿದ್ದೆ.
ಫಿಲೆಮೊನ್ ಗ್ರೋಜಾನ್ ಕಣ್ಣಿನ ಭೂತಗನ್ನಡಿ ತೆಗೆಯದೆಯೇ ನಕ್ಕಿದ್ದ:
'ಕೇಳುತ್ತಾ ಇರು ಜೆಲಿ, ಬಿಡಬೇಡ.'

ಸರದಿಯಂತೆ ಒಬ್ಬರು ಗಟ್ಟಿಯಾಗಿ ಓದುತ್ತಿದ್ದರು,
ಅವರ ಪಾಲಿನ ಕೆಲಸ ಉಳಿದವರು ಮಾಡುತ್ತಿದ್ದರು.
ಬ್ರೆಡ್ಡಿನ ಹೊಟ್ಟೆಯೊಳಗೆ ಗಡಿ ದಾಟಿ ಬಂದ ಪತ್ರಿಕೆ,
ಅಕ್ಷರಗಳ ನಡುವೆ ಹಿಟ್ಟು.
ಪ್ಯಾರಿಸ್ ಬಿದ್ದ ವರ್ಷ
ಎಡಗೈಯಿಲ್ಲದ ಪುಸ್ತಕ ಕಟ್ಟುವವನೊಬ್ಬ ಬಂದ.
ಎರಡು ತಿಂಗಳು ಊರನ್ನು ಊರೇ ನಡೆಸಿತ್ತಂತೆ,
ಬೇಕರಿಯವರಿಗೆ ರಾತ್ರಿ ನಿದ್ದೆ ಸಿಕ್ಕಿತ್ತಂತೆ,
ಆಮೇಲೆ ಗೋಡೆಗೆ ನಿಲ್ಲಿಸಿ...
ಅಲ್ಲಿಗೆ ಬಂದಾಗಲೆಲ್ಲ ಅವನು
ಸೂಪಿಗೆ ಉಪ್ಪು ಕೇಳುತ್ತಿದ್ದ.

ಭಾನುವಾರ ಪಾದ್ರಿ ಅಂದ:
ಅರಾಜಕ ಎಂದರೆ ತಲೆಯಿಲ್ಲದ ಮುಂಡ, ಕುರುಬನಿಲ್ಲದ ಹಿಂಡು.
ಅಮ್ಮ ಮನೆಗೆ ಬಂದು ಆಲೂಗಡ್ಡೆ ಸುಲಿಯುತ್ತ ಅಂದಳು:
'ಕುರಿಗೆ ಕುರುಬ ಬೇಕು, ಒಪ್ಪಿದೆ.
ಕೊನೆಗೆ ಕುರಿಯನ್ನು ಯಾರು ತಿನ್ನುತ್ತಾರೆ,
ಅದನ್ನು ಮಾತ್ರ ಆತ ಹೇಳಲಿಲ್ಲ.'

ಸೆಪ್ಟೆಂಬರಿನಲ್ಲಿ ಪರ ಊರಿನವರೆಲ್ಲ ಸೇರಿದರು.
ಹೋಟೆಲಿನ ಮಹಡಿ, ಹೊಗೆ, ಮೂರು ನಾಲ್ಕು ಭಾಷೆ.
ಮೇಲಿಂದ ಅಪ್ಪಣೆ ಬೇಡ ಅಂದರು,
ಲಂಡನ್ನಿನಿಂದಲೂ ಬೇಡ, ಸ್ವರ್ಗದಿಂದಲೂ ಬೇಡ.
ಚಪ್ಪಾಳೆ.
ನನ್ನ ಕೈಯಲ್ಲಿ ಹನ್ನೊಂದು ಎಂಜಲು ಲೋಟಗಳಿದ್ದವು.
'ಇವನ್ನು ತೊಳೆಯುವ ಸರದಿ ಯಾರದು?' ಅಂದೆ.
ಗಡಿಯಾರದವರ ಊರಿನಲ್ಲಿ
ಅಷ್ಟು ಹೊತ್ತು ಯಾರೂ ಸುಮ್ಮನಿದ್ದದ್ದಿಲ್ಲ.
ಕೊನೆಗೆ ಗ್ರೋಜಾನ್ ಎದ್ದ. ಎರಡು ಒಡೆದ.
ನಾನು ಕಣ್ಣಾರೆ ಕಂಡ ಕ್ರಾಂತಿ ಅಷ್ಟೆ.
ಮುಂದಿನ ವಾರ ಮತ್ತೆ ಲೋಟ ನಮ್ಮ ಕೈಗೇ ಬಂತು.

ಆಮೇಲೆ ಕಡಲಾಚೆಯಿಂದ ಯಂತ್ರದ ಗಡಿಯಾರಗಳು ಬಂದವು,
ಅಗ್ಗ, ಒಂದರಂತೆ ಇನ್ನೊಂದು.
ಮನೆಯ ಕಿಟಕಿಗಳು ಒಂದೊಂದಾಗಿ ಆರಿದವು.
ಹೊಳೆಯ ದಂಡೆಗೆ ಕಾರ್ಖಾನೆ ಎದ್ದಿತು,
ಅಲ್ಲಿ ಓದುವಂತಿಲ್ಲ, ಸೀಟಿ ಊದಿದರೆ ಕೂರಬೇಕು.
ಗ್ರೋಜಾನನೂ ಟೋಪಿ ಕೈಯಲ್ಲಿ ಹಿಡಿದು ಒಳಗೆ ಹೋದ.
ನಾನು ಅವನನ್ನು ಬೈಯಲಿಲ್ಲ; ನಾನೂ ಅವನ ಹಿಂದೆಯೇ ಇದ್ದೆ.

ಎಲ್ಲೋ ದೂರದ ಪೇಟೆಯಲ್ಲಿ ಯಾರೋ ನಮ್ಮ ಮಾತಿನ ಹೆಸರಲ್ಲಿ
ಬಾಂಬು ಇಟ್ಟರೆಂದು ಸುದ್ದಿ ಬಂತು.
ಸತ್ತವಳು ಕಾಫಿ ಹಂಚುವ ಹುಡುಗಿ.
ಅದರೊಳಗೂ ಗಡಿಯಾರವಿತ್ತಂತೆ.
ಮೂರು ರಾತ್ರಿ ಬೆರಳುಗಳನ್ನು ಹೊದಿಕೆಯ ಹೊರಗಿಟ್ಟು ಮಲಗಿದೆ.
ಯಾರು ಹೇಳಿದ್ದು ಅದಕ್ಕೆ?
ಈ ಸಲ ಕೇಳಲು ಯಾರೂ ಇರಲಿಲ್ಲ.

ಇವತ್ತು ಮೇಸ್ತ್ರಿ ಕರೆದ.
ಕಾರ್ಖಾನೆಯ ದೊಡ್ಡ ಗಡಿಯಾರ ನಿಂತಿದೆ,
ದಿನಾ ಬೆಳಿಗ್ಗೆ ಏಳು ನಿಮಿಷ ಮುಂದೆ,
ಸಂಜೆ ಏಳು ನಿಮಿಷ ಹಿಂದೆ ಓಡುವ ಗಡಿಯಾರ,
ಹೇಗೆ ಎಂದು ಎಲ್ಲರಿಗೂ ಗೊತ್ತು.
'ನಿನ್ನ ಕೈ ನಿಧಾನ, ಹತ್ತು' ಅಂದ.
ಏಣಿ ಹತ್ತಿದೆ. ಮೊಣಕಾಲು ನೋಯುತ್ತದೆ.
ಮುಳ್ಳು ಬಿಚ್ಚಿದೆ, ಮೊಳದುದ್ದದ್ದು,
ಹಿತ್ತಾಳೆ ಚಳಿಗೆ ಕಚ್ಚುತ್ತಿದೆ.
ಕೆಳಗೆ ಇನ್ನೂರು ತಲೆ ಮೇಲೆ ನೋಡುತ್ತಿವೆ,
ಗ್ರೋಜಾನನದೂ, ಬೋಳು.

ಮುಳ್ಳು ನನ್ನ ಕೈಯಲ್ಲಿದೆ.
ಗಂಟೆ ಎಷ್ಟಾಯಿತೆಂದು
ಸದ್ಯಕ್ಕೆ ಯಾರಿಗೂ ಗೊತ್ತಿಲ್ಲ.